ಬಾವಿ ನೋಡಿ, ಆಮೇಲೆ ಬಾಡಿಗೆ ಕೇಳಿ: ಕಾಸರಗೋಡಿನಲ್ಲಿ ಮನೆ ಹುಡುಕುವವರಿಗೆ

ಡಿಸೆಂಬರಿನಲ್ಲಿ ಕಾಸರಗೋಡಿಗೆ ಬಂದು ಬಾಡಿಗೆ ಮನೆ ಹುಡುಕಬೇಡಿ. ಆ ತಿಂಗಳಲ್ಲಿ ಇಲ್ಲಿನ ಎಲ್ಲ ಮನೆಯೂ ಚಂದ ಕಾಣುತ್ತದೆ. ಬಾವಿಯಲ್ಲಿ ಬೇಕಾದಷ್ಟು ನೀರು, ಸಂಜೆ ಕಡಲಿನಿಂದ ತಂಪು ಗಾಳಿ, ಮಳೆಗಾಲದ ಪಾಚಿ ಕೆರೆದು ಹೊಸದಾಗಿ ಬಣ್ಣ ಬಳಿದ ಗೋಡೆ. ನಾನು ಪೆರ್ಲದ ಕಡೆಯವನು, ಗುಡ್ಡೆಯ ಮೇಲೆ ಹುಟ್ಟಿ ಬೆಳೆದವನು. ಪೇಟೆಯಲ್ಲಿ ಕೆಲಸ ಸಿಕ್ಕಿತು ಅಂತ ಇಳಿದು ಬಂದು, ಇಂಥದೇ ಒಂದು ಡಿಸೆಂಬರಿನಲ್ಲಿ ಕಡಲ ಬದಿಯ ಕಡಪ್ಪುರದ ಹತ್ತಿರ ಒಂದು ಮನೆ ಹಿಡಿದೆ. ಬಾಡಿಗೆ ಬೇರೆ ಕಡೆಗಿಂತ ಎಷ್ಟೋ ಕಡಿಮೆ. ಇಷ್ಟು ಕಡಿಮೆ ಯಾಕೆ ಅಂತ ಕೇಳುವ ಬುದ್ಧಿ ನನಗೂ ಬರಲಿಲ್ಲ, ನನ್ನ ಹೆಂಡತಿಗೂ ಬರಲಿಲ್ಲ.

ಪಕ್ಕದ ಮನೆಯ ಉಮ್ಮ ಮಾತ್ರ ಹೇಳಿದ್ದರು. ಬಾವಿ ನೀರು ಒಳ್ಳೆಯದುಂಟಾ ಅಂತ ನಾನು ಕೇಳಿದ್ದಕ್ಕೆ, "ವಿಷು ಕಳೆಯಲಿ ಮೋನೇ, ಮತ್ತೆ ನೀನೇ ಹೇಳು" ಅಂದರು. ನಾನು ನಕ್ಕೆ. ಏಪ್ರಿಲ್ ನಡುವಿನ ವಿಷು ಹಬ್ಬ ಕಳೆದು ಒಂದು ವಾರಕ್ಕೆ ಬೆಳಗ್ಗೆ ಚಹಾ ಕುಡಿದವನೇ, ಸಕ್ಕರೆ ಡಬ್ಬಿ ಯಾವುದು, ಉಪ್ಪಿನ ಡಬ್ಬಿ ಯಾವುದು ಅಂತ ಹೆಂಡತಿ ಹತ್ತಿರ ಕೇಳಿದೆ. ಡಬ್ಬಿ ಸರಿಯಾಗಿಯೇ ಇತ್ತು. ಆಮೇಲೆ ಮಳೆ ಹಿಡಿಯುವವರೆಗೆ ಕುಡಿಯುವುದಕ್ಕೆ ಕ್ಯಾನ್ ನೀರು, ಬಟ್ಟೆಗೆ ಟ್ಯಾಂಕರ್ ನೀರು. ಬಾಡಿಗೆಯಲ್ಲಿ ಉಳಿದ ದುಡ್ಡೆಲ್ಲ ಅದಕ್ಕೇ ಹೋಯಿತು, ಮೇಲಿಂದ ಸ್ವಲ್ಪ ಕೈಯಿಂದಲೂ ಬಿತ್ತು.

ಬ್ಯಾಂಕು, ಸರ್ಕಾರಿ ಕೆಲಸ, ತೋಟದ ಬೆಳೆಗಳ ಸಂಶೋಧನೆ, ಓದು ಅಂತ ಘಟ್ಟದ ಮೇಲಿನಿಂದ, ಮಂಗಳೂರಿನಿಂದ ಇಲ್ಲಿಗೆ ಬರುವವರು ಪ್ರತಿ ವರ್ಷ ನನ್ನನ್ನು ಕೇಳುವುದು ಒಂದೇ, "ಯಾವ ಏರಿಯಾದಲ್ಲಿ ಬಾಡಿಗೆ ಕಡಿಮೆ?" ಅಂತ. ಈ ಪ್ರಶ್ನೆಯೇ ತಪ್ಪು. ಬಾಡಿಗೆ, ನೀರು, ಬಸ್ಸು, ಕರೆಂಟು ನಾಲ್ಕನ್ನೂ ಕೂಡಿಸಿ ಎಲ್ಲಿ ಕಡಿಮೆ ಬೀಳುತ್ತದೆ ಅಂತ ಕೇಳಬೇಕು. ಮೂರು ಮನೆ ಬದಲಾಯಿಸಿ ಕಲಿತದ್ದು ನಾನು.

ಮೊದಲು ನೀರು

ಕಡಲ ಬದಿಯ ಬಾವಿಯಲ್ಲಿ ಸಿಹಿನೀರು ಮೇಲೆ ನಿಂತಿರುತ್ತದೆ, ಕೆಳಗೆ ಉಪ್ಪುನೀರು. ಮಳೆಗಾಲದಲ್ಲಿ ಮೇಲಿನ ಪದರ ದಪ್ಪ. ಬೇಸಿಗೆಯಲ್ಲಿ ಎಲ್ಲರೂ ಪಂಪು ಹಾಕಿ ಎಳೆಯುತ್ತಾ ಹೋದ ಹಾಗೆ ಅದು ತೆಳುವಾಗುತ್ತದೆ, ಉಪ್ಪು ಮೇಲೆ ಬರುತ್ತದೆ. ಇಷ್ಟೇ ವಿಷಯ. ಹೊಳೆ ಬದಿಯಾದರೆ ಬಚಾವ್ ಅಂದುಕೊಳ್ಳಬೇಡಿ. ಚಂದ್ರಗಿರಿ ಹೊಳೆಯಲ್ಲಿ ಬೇಸಿಗೆಗೆ ಹರಿವು ಕಡಿಮೆಯಾದಾಗ ಕಡಲ ನೀರು ಅಳಿವೆಯಿಂದ ಒಳಗೆ ಏರುತ್ತದೆ. ಪೇಟೆಗೆ ಪೈಪ್ ನೀರು ಬರುವುದು ಅದೇ ಹೊಳೆಯ ಬದಿಯ ಬಾವಿಕೆರೆ ಅನ್ನುವ ಊರಿನಿಂದ. ಅಲ್ಲಿ ಮೊದಲು ಬೇಸಿಗೆ ಬಂದರೆ ಮರಳು ಚೀಲದ ಕಟ್ಟ ಹಾಕುತ್ತಿದ್ದರು, ಕಟ್ಟ ಒಡೆದರೆ ಇಡೀ ಪೇಟೆಯ ನಲ್ಲಿಯಲ್ಲಿ ಉಪ್ಪುನೀರು. 2021ರಲ್ಲಿ ಅಲ್ಲಿ ಶಾಶ್ವತ ತಡೆ ಅಣೆಕಟ್ಟು ಆದ ಮೇಲೆ ಆ ಗೋಳು ಇಲ್ಲ. ಹಾಗಾಗಿ ಕಡಲಿಗೋ ಹೊಳೆಗೋ ಹತ್ತಿರದ ಮನೆ ನೋಡುವವರು ಮೊದಲು ಕೇಳಬೇಕಾದದ್ದು, ಪೈಪ್ ಕನೆಕ್ಷನ್ ಉಂಟಾ, ದಿನಾ ಬರುತ್ತದಾ, ಎಷ್ಟು ಹೊತ್ತು ಬರುತ್ತದೆ. "ಕನೆಕ್ಷನ್ ಉಂಟು" ಅನ್ನುವ ಉತ್ತರಕ್ಕೆ ಅರ್ಧ ಬೆಲೆ.

ಇನ್ನೊಂದು ತೊಂದರೆ ಕಬ್ಬಿಣದ ಅಂಶ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗದ ಕೆಲವು ಬೋರ್ ನೀರು ಕೊಡಪಾನಕ್ಕೆ ಬೀಳುವಾಗ ಕನ್ನಡಿಯ ಹಾಗಿರುತ್ತದೆ, ಬೆಳಗಾಗುವಾಗ ಮೇಲೆ ಕೆಂಪು ಕೆನೆ. ಮನೆ ನೋಡಲು ಹೋದಾಗ ಬಚ್ಚಲಿನ ಬಿಳಿ ಬಕೆಟ್ ನೋಡಿ. ಕಮೋಡಿನ ಒಳಗೆ ನೋಡಿ. ನೀರು ಬೀಳುವ ಜಾಗದಲ್ಲಿ ಕಂದು ಪಟ್ಟಿ ಇದ್ದರೆ ನಿಮ್ಮ ಬಿಳಿ ಅಂಗಿಗಳ ಕಥೆ ಮುಗಿಯಿತು ಅಂತಲೇ ಲೆಕ್ಕ. ನನ್ನ ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದಾರೆ: ಹಾಲು ಹಾಕದ ಚಹಾ ಡಿಕಾಕ್ಷನ್ ಸ್ವಲ್ಪ ಲೋಟದಲ್ಲಿ ತೆಗೆದುಕೊಂಡು ಅದಕ್ಕೆ ಆ ನೀರು ಹೊಯ್ಯಿರಿ. ಕಪ್ಪಗಾದರೆ ಕಬ್ಬಿಣ ಜಾಸ್ತಿ ಉಂಟು. ಬೇರೆಯವರ ಮನೆಗೆ ಫ್ಲಾಸ್ಕಿನಲ್ಲಿ ಡಿಕಾಕ್ಷನ್ ತೆಗೆದುಕೊಂಡು ಹೋಗುವುದಕ್ಕೆ ನಾಚಿಕೆಯಾದರೆ ಒಂದು ಬಾಟಲಿ ನೀರು ತುಂಬಿಸಿಕೊಂಡು ಬನ್ನಿ, ರೂಮಿಗೆ ಬಂದು ನೋಡಿ. ಉಪ್ಪಿಗೆ ಅಷ್ಟೂ ಬೇಡ. ಒಂದು ಗುಟುಕು ಬಾಯಿಗೆ ಹಾಕಿ, ಸ್ವಲ್ಪ ಸೋಪು ಉಜ್ಜಿ ನೋಡಿ, ಸಾಕು.

ಬಾವಿಗೆ ಬಗ್ಗಿ ನೋಡುವುದನ್ನು ಮಾತ್ರ ಬಿಡಬೇಡಿ. ಕಲ್ಲಿನ ಮೇಲೆ ನೀರಿನ ಗುರುತು ಎಲ್ಲಿಂದ ಎಲ್ಲಿವರೆಗೆ ಉಂಟು, ತಳ ಕಾಣುತ್ತದಾ, ಪಂಪಿನ ಪೈಪು ಎಷ್ಟು ಕೆಳಗೆ ಇಳಿಸಿದ್ದಾರೆ. ಪೈಪಿಗೆ ಹೊಸದಾಗಿ ಇನ್ನೊಂದು ತುಂಡು ಜೋಡಿಸಿದ್ದು ಕಂಡರೆ ಹೋದ ಬೇಸಿಗೆಯಲ್ಲಿ ನೀರು ಅಲ್ಲಿವರೆಗೆ ಇಳಿದಿತ್ತು ಅಂತ ಅರ್ಥ. ಯಜಮಾನರು ಏನೇ ಹೇಳಲಿ, ಪೈಪು ಸುಳ್ಳು ಹೇಳುವುದಿಲ್ಲ.

ಹಾಗಾದರೆ ಮನೆ ಹುಡುಕಬೇಕಾದದ್ದು ಯಾವಾಗ? ವಿಷುವಿನಿಂದ ಪತ್ತನಾಜೆಯೊಳಗೆ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಅನ್ನಿ. ನೀರಿನ ಬಣ್ಣ ಬಯಲಾಗುವುದು ಆಗಲೇ. ಜೂನ್ ಒಂದಕ್ಕೆ ಕೇರಳದಲ್ಲಿ ಶಾಲೆ ಶುರುವಾಗುವ ಕಾರಣ ಮನೆಗಳು ಖಾಲಿಯಾಗುವುದೂ ಆಗಲೇ. ಬೇರೆ ತಿಂಗಳಲ್ಲಿ ಬರಬೇಕಾದ ಪರಿಸ್ಥಿತಿಯಾದರೆ ಯಜಮಾನರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ನೀರು ಸೇದುವವರಿಗೆ ಗೊತ್ತಿರುವಷ್ಟು ಬಾಡಿಗೆ ಎಣಿಸುವವರಿಗೆ ಗೊತ್ತಿರುವುದಿಲ್ಲ.

ಊರಿನ ಹೆಸರಿನಲ್ಲೇ ಅರ್ಧ ಉತ್ತರ ಉಂಟು

ಘಟ್ಟದ ಮೇಲಿನವರಿಗೆ ಇದು ಹೊಳೆಯುವುದಿಲ್ಲ, ನಮಗೆ ಹುಟ್ಟಿನಿಂದ ಗೊತ್ತಿದ್ದರೂ ಮನೆ ಹುಡುಕುವಾಗ ಮರೆತುಹೋಗುತ್ತದೆ. ಬೈಲು ಅಂದರೆ ತಗ್ಗು, ಒಂದು ಕಾಲದ ಗದ್ದೆ. ಅಲ್ಲಿ ಬಾವಿಗೆ ನೀರು ಬೇಗ ಸಿಗುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅಂಗಳಕ್ಕೂ ನೀರು ಬರುತ್ತದೆ. ಅಡ್ಕ, ಪದವು, ಗುಡ್ಡೆ ಅಂದರೆ ಎತ್ತರದ ಮುರಕಲ್ಲಿನ ಜಾಗ. ನೆರೆಯ ಹೆದರಿಕೆ ಇಲ್ಲ, ಆದರೆ ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತದೆ. ಪಳ್ಳ ಅಂದರೆ ನೀರು ನಿಲ್ಲುವ ಗುಂಡಿ, ಹೆಚ್ಚು ಹೇಳಬೇಕಾಗಿಲ್ಲ. ಕುದ್ರು ಅಂದರೆ ಹೊಳೆ ನಡುವಿನ ನೆಲ. ಕಡಪ್ಪುರ ಅಂದರೆ ಕಡಲ ಕರೆ, ಉಪ್ಪು ಮತ್ತು ತುಕ್ಕು ಎರಡೂ ಬಾಡಿಗೆಗೆ ಫ್ರೀ. ಬೈಕಿನ ಚೈನು, ಕಪಾಟಿನ ಹಿಂಜು, ಫ್ರಿಜ್ಜಿನ ಹಿಂಬದಿ ಎಲ್ಲ ಎರಡೇ ವರ್ಷಕ್ಕೆ ಮುದುಕಾಗುತ್ತವೆ.

ಬೀರಂತಬೈಲು, ಉಳಿಯತ್ತಡ್ಕ, ಇಂಥ ಹೆಸರು ಕೇಳಿದಾಗ ಒಂದು ಕ್ಷಣ ಯೋಚಿಸಿ. ಅಡ್ಕತ್ತಬೈಲಿಗೆ ಬಂದಾಗ ಈ ಲೆಕ್ಕ ಕೈಕೊಡುತ್ತದೆ, ಅದರಲ್ಲಿ ಅಡ್ಕವೂ ಉಂಟು ಬೈಲೂ ಉಂಟು! ಅಂಥ ಕಡೆ ಮನೆ ರಸ್ತೆಯಿಂದ ಮೇಲೆ ಉಂಟಾ ಕೆಳಗೆ ಉಂಟಾ ಅಂತ ಕಣ್ಣಿನಿಂದಲೇ ನೋಡಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಮಧೂರಿನಲ್ಲಿ ಮಧುವಾಹಿನಿ ಉಕ್ಕಿ ದೇವಸ್ಥಾನದ ಅಂಗಳಕ್ಕೆ ನೀರು ಬರುವ ಫೋಟೋ ಮಳೆಗಾಲದಲ್ಲಿ ಎಲ್ಲರ ಮೊಬೈಲಿಗೂ ಬರುತ್ತದೆ. ಹಾಗಂತ ಮಧೂರು ಬೇಡ ಅಂತಲ್ಲ, ಹೊಳೆಯಿಂದ ನಾಲ್ಕು ಹೆಜ್ಜೆ ಮೇಲೆ ಹತ್ತಿದರೆ ಒಳ್ಳೊಳ್ಳೆ ಮನೆಗಳುಂಟು. ಹತ್ತಿರದ ಜಿನಸಿನ ಅಂಗಡಿಯಲ್ಲಿ "ದೊಡ್ಡ ಮಳೆಗೆ ನೀರು ಎಲ್ಲಿವರೆಗೆ ಬರುತ್ತದೆ?" ಅಂತ ಕೇಳಿ. "ಬರುತ್ತದಾ" ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾರೆ. "ಎಲ್ಲಿವರೆಗೆ" ಅಂತ ಕೇಳಿದರೆ ಕೈ ತೋರಿಸುತ್ತಾರೆ.

ಬಸ್ಸಿನ ರಸ್ತೆಯಿಂದ ಎಷ್ಟು ದೂರ

ಉಪ್ಪುನೀರಿಗೆ ಹೆದರಿ ಎರಡನೇ ಸಲ ನಾನು ಗುಡ್ಡೆ ಹತ್ತಿದೆ. ನೀರು ಚಿನ್ನದ ಹಾಗಿತ್ತು. ಬಾಡಿಗೆಯೂ ಕಡಿಮೆ. "ಪೇಟೆಗೆ ಹತ್ತು ನಿಮಿಷ" ಅಂದಿದ್ದರು ಯಜಮಾನರು. ಅದು ಅವರ ಬೈಕಿನ ಹತ್ತು ನಿಮಿಷ, ಅದೂ ರಾತ್ರಿ ರಸ್ತೆ ಖಾಲಿಯಾದ ಮೇಲೆ! ಬಸ್ಸು ಬರುವ ರಸ್ತೆಗೆ ಎರಡು ಕಿಲೋಮೀಟರು, ಇಳಿಯುವಾಗ ಇಳಿಜಾರು, ಸಂಜೆ ಚೀಲ ಹಿಡಿದುಕೊಂಡು ಏರು.

ಲೆಕ್ಕ ಹಾಕಿ ನೋಡಿ. 2022ರ ಮೇ ತಿಂಗಳಿನಿಂದ ಕೇರಳದಲ್ಲಿ ಸಾಮಾನ್ಯ ಬಸ್ಸಿಗೆ ಮೊದಲ ಎರಡೂವರೆ ಕಿಲೋಮೀಟರಿಗೆ 10 ರೂಪಾಯಿ, ಆಮೇಲೆ ಕಿಲೋಮೀಟರಿಗೆ 1 ರೂಪಾಯಿ. ಆಟೋಗೆ ಮೊದಲ ಒಂದೂವರೆ ಕಿಲೋಮೀಟರಿಗೆ 30, ಆಮೇಲೆ ಕಿಲೋಮೀಟರಿಗೆ 15. ದರ ಬದಲಾಗಿದ್ದರೆ ನೀವೇ ತಿದ್ದಿಕೊಳ್ಳಿ, ಲೆಕ್ಕದ ಕ್ರಮ ಇದೇ. ಪೇಟೆಯಿಂದ ಎಂಟು ಕಿಲೋಮೀಟರು ದೂರ, ಆದರೆ ಬಸ್ ಸ್ಟಾಪಿನ ಬುಡದಲ್ಲೇ ಮನೆ ಅಂತಿಟ್ಟುಕೊಳ್ಳಿ. ಹೋಗಲು ಬರಲು ದಿನಕ್ಕೆ ಸುಮಾರು 32 ರೂಪಾಯಿ, ತಿಂಗಳಿಗೆ 25 ದಿನ ಹೋದರೆ 800. ಅದೇ ಬಸ್ ರಸ್ತೆಯಿಂದ ಎರಡು ಕಿಲೋಮೀಟರು ಒಳಗಿದ್ದು ಆಟೋ ಹಿಡಿದರೆ ಒಂದು ಸಲಕ್ಕೆ ಮೂವತ್ತೇಳೂವರೆ, ತಿಂಗಳಿಗೆ 1,875. ಬಸ್ಸಿನ ದುಡ್ಡು ಬೇರೆ. ಮಕ್ಕಳು, ಹೆಂಡತಿಯ ಓಡಾಟ ಬೇರೆ. ಅಂದರೆ ಬಸ್ ರಸ್ತೆಯ ಬದಿಯ ಮನೆಗೆ ಬಾಡಿಗೆ ಒಂದೂವರೆ ಸಾವಿರ ಜಾಸ್ತಿಯಾದರೂ ಅದೇ ಅಗ್ಗ. ಎಂಟು ಕಿಲೋಮೀಟರು ದೂರ ದೂರವೇ ಅಲ್ಲ, ರಸ್ತೆಯಿಂದ ಒಳಗಿನ ಎರಡು ಕಿಲೋಮೀಟರೇ ದೂರ.

ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಆ ಲೈನಿನ ಕಂಡಕ್ಟರನ್ನು ಕೇಳಿ. ಒಳರಸ್ತೆಗಳಲ್ಲಿ ಕತ್ತಲೆಯಾದ ಮೇಲೆ ಪ್ರೈವೇಟ್ ಬಸ್ಸುಗಳು ಒಂದೊಂದೇ ಟ್ರಿಪ್ ಬಿಟ್ಟುಬಿಡುತ್ತವೆ, ಆದಿತ್ಯವಾರ ಇನ್ನೂ ಕಡಿಮೆ. ಹೆದ್ದಾರಿ ಬದಿಯ ಮನೆಗೆ ಇನ್ನೊಂದು ತಲೆನೋವು ಈಗ ಸೇರಿದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಆರು ಲೇನ್ ಆದ ಮೇಲೆ ಎಲ್ಲೆಂದರಲ್ಲಿ ರಸ್ತೆ ದಾಟುವ ಕಾಲ ಹೋಯಿತು. ಮನೆ ಕಣ್ಣೆದುರೇ ಕಾಣುತ್ತದೆ, ಆದರೆ ಅಂಡರ್‌ಪಾಸ್ ಹುಡುಕಿಕೊಂಡು ಹೋಗಿ ಸುತ್ತು ಹಾಕಿ ಬರಬೇಕು. ನಿಮ್ಮ ಬಸ್ಸು ನಿಲ್ಲುವುದು ಯಾವ ಬದಿ, ದಾಟುವುದು ಎಲ್ಲಿ ಅಂತ ಒಂದು ಸಲ ನಡೆದೇ ನೋಡಿ.

ಸರಿ, ಯಾವ ಕಡೆ?

ನನ್ನ ಅಭಿಪ್ರಾಯ ಹೇಳುತ್ತೇನೆ, ಜಗಳಕ್ಕೆ ಬರಬೇಡಿ.

ಕಲೆಕ್ಟರೇಟ್, ಕೋರ್ಟು, ಸರ್ಕಾರಿ ಕಾಲೇಜು ಇರುವುದು ವಿದ್ಯಾನಗರದಲ್ಲಿ. ಅಲ್ಲಿ ಕೆಲಸ ಇರುವವರು ಅಲ್ಲೇ ಮನೆ ಬೇಕು ಅಂತ ಹಟ ಹಿಡಿಯುತ್ತಾರೆ, ಅದಕ್ಕೇ ಅಲ್ಲಿ ಬಾಡಿಗೆ ಏರಿ ಕೂತಿದೆ. ಸ್ವಲ್ಪ ಮುಂದೆ ನಾಯನ್ಮಾರಮೂಲೆ, ಚೆರ್ಕಳದ ಕಡೆ ಹೋದರೆ ಬಸ್ಸು ಬೇಕಾದಷ್ಟು, ಬಾಡಿಗೆ ಇಳಿಯುತ್ತದೆ. ಪೇಟೆಯ ನಡುವೆ, ಹೊಸ ಬಸ್ ಸ್ಟಾಂಡಿನ ಸುತ್ತ ಮುತ್ತ, ಒಬ್ಬರೇ ಇರುವವರಿಗೆ ಒಂದು ರೂಮು ಸಾಕು ಅಂದರೆ ಮಾತ್ರ ಲಾಭ. ಅಣಂಗೂರು, ನುಳ್ಳಿಪ್ಪಾಡಿ ಎರಡಕ್ಕೂ ನಡುವೆ, ಬೆಲೆಯೂ ನಡುವೆ.

ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ಬರುವವರು ಕೂಡ್ಲು, ಚೌಕಿ, ಮೊಗ್ರಾಲ್ ಪುತ್ತೂರು ನೋಡಿ. ಆದರೆ ಹೆದ್ದಾರಿಯ ಪಡುಬದಿಗೆ ಹೋದಷ್ಟೂ ಮೇಲೆ ಹೇಳಿದ ಉಪ್ಪಿನ ಪರೀಕ್ಷೆ ಮರೆಯಬೇಡಿ. ಮನೆಯಲ್ಲಿ ವಯಸ್ಸಾದವರಿದ್ದು ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ ನಾನು ಮಧೂರು, ಕೂಡ್ಲು, ಉಳಿಯತ್ತಡ್ಕದ ಕಡೆಯೇ ಕಳಿಸುತ್ತೇನೆ. ಅಂಗಡಿ, ದೇವಸ್ಥಾನ, ನೆರೆಮನೆ ಎಲ್ಲ ಕಡೆ ಕನ್ನಡ ತುಳು ನಡೆಯುತ್ತದೆ. ಚಂದ್ರಗಿರಿ ಸೇತುವೆ ದಾಟಿ ಚೆಮ್ನಾಡು, ಮೇಲ್ಪರಂಬದ ಕಡೆಗೆ ಹೋದರೆ ಮಲಯಾಳವೇ ಜಾಸ್ತಿ. ನಿಮಗೆ ಕಲಿಯುವ ಆಸೆ ಇದ್ದರೆ ಅದೇ ಒಳ್ಳೆಯದು, ಆರು ತಿಂಗಳಲ್ಲಿ ಮೀನಿನವನ ಹತ್ತಿರ ಚೌಕಾಸಿ ಮಾಡುವಷ್ಟು ಬಂದೇ ಬರುತ್ತದೆ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದವರು ಕಾಸರಗೋಡು ಪೇಟೆಯಲ್ಲಿ ಯಾಕೆ ಮನೆ ಹುಡುಕುತ್ತಾರೋ ನನಗೆ ಗೊತ್ತಿಲ್ಲ. ವಿಳಾಸದಲ್ಲಿ ಕಾಸರಗೋಡು ಅಂತ ಇದ್ದ ಮಾತ್ರಕ್ಕೆ ಹತ್ತಿರ ಆಗುವುದಿಲ್ಲ ಮಾರಾಯ್ರೆ, ಕಾಞಂಗಾಡಿನ ಕಡೆ ನೋಡಿ. ಹಾಗೆಯೇ ಕೆಲಸ ಮಂಗಳೂರಿನಲ್ಲಿ, ಬಾಡಿಗೆ ಮಾತ್ರ ಕಡಿಮೆ ಬೇಕು ಅನ್ನುವವರಿಗೆ ಮಂಜೇಶ್ವರ, ಉಪ್ಪಳ, ಕುಂಬಳೆ ಮೂರರಲ್ಲೂ ರೈಲ್ವೆ ಸ್ಟೇಷನ್ ಉಂಟು. ಸೀಸನ್ ಟಿಕೆಟ್ ಮಾಡಿಸಿದರೆ ಬಸ್ಸಿಗಿಂತ ಎಷ್ಟೋ ಅಗ್ಗ. ಆದರೆ ಉಪ್ಪಳದ ಮೂಸೋಡಿಯಂಥ ಕಡಲ್ಕೊರೆತದ ಜಾಗಕ್ಕೆ ಹೋಗಬೇಡಿ. ಇನ್ನೊಂದು ಮಾತು, 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದವರು ಪಟ್ಟ ಪಾಡು ನಾವು ನೋಡಿದ್ದೇವೆ. ತಿಂಗಳು ತಿಂಗಳು ಡಾಕ್ಟರ ಹತ್ತಿರ ಹೋಗಬೇಕಾದವರು ಮನೆಯಲ್ಲಿದ್ದರೆ ಗಡಿಯ ಈಚೆ ಬದಿಯಲ್ಲೂ ಒಂದು ಆಸ್ಪತ್ರೆ ನೋಡಿಟ್ಟುಕೊಂಡಿರಿ.

ಮಕ್ಕಳಿಗೆ ಕನ್ನಡ ಮಾಧ್ಯಮ ಬೇಕಾದರೆ ಮೊದಲು ಶಾಲೆ, ಆಮೇಲೆ ಮನೆ. ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಮಾಧ್ಯಮ ಶಾಲೆಗಳು ಸಾಕಷ್ಟಿವೆ. ಶಾಲೆಗೆ ಹೋಗಿ ಬೋರ್ಡು ಮಾತ್ರ ನೋಡಿ ಬರಬೇಡಿ, ನಿಮ್ಮ ಮಗುವಿನ ಕ್ಲಾಸಿಗೆ ಪಾಠ ಮಾಡುವವರಿಗೆ ಕನ್ನಡ ಬರುತ್ತದಾ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲಿ ಅದು ದೊಡ್ಡ ವಿಷಯ, ಎಲ್ಲರೂ ಕೇಳುತ್ತಾರೆ.

ಮನೆ ಸಿಗುವುದು ಹೇಗೆ

ಬೆಂಗಳೂರಿನಲ್ಲಿ ಕೂತು ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ಎರಡು ವಾರ ಲಾಡ್ಜಿನಲ್ಲೋ ಪರಿಚಯದವರ ಮನೆಯಲ್ಲೋ ಇದ್ದುಕೊಂಡು ಸುತ್ತಿ. ಇಲ್ಲಿ ಬಾಡಿಗೆಗೆಂದೇ ಸಾಲಾಗಿ ಕಟ್ಟಿದ ಸಣ್ಣ ಮನೆಗಳಿಗೆ ಕ್ವಾರ್ಟರ್ಸ್ ಅನ್ನುತ್ತಾರೆ, ಸರ್ಕಾರಿ ಕ್ವಾರ್ಟರ್ಸ್ ಅಂತ ತಿಳಿದು ಮುಂದೆ ಹೋಗಬೇಡಿ. ಅಗ್ಗಕ್ಕೆ ಸಿಗುವುದು ಅವೇ. ಗಲ್ಫಿನಲ್ಲಿರುವವರ ದೊಡ್ಡ ಮನೆಯ ಮೇಲಿನ ಮಹಡಿಯೂ ಬಾಡಿಗೆಗೆ ಇರುತ್ತದೆ, ಕೀ ತಮ್ಮನ ಹತ್ತಿರವೋ ಭಾವನ ಹತ್ತಿರವೋ ಇರುತ್ತದೆ. ಅಂಥ ಕಡೆ ರಿಪೇರಿಗೆ ಯಾರನ್ನು ಕೇಳಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದು ನಲ್ಲಿ ಬದಲಾಯಿಸಲು ದುಬೈಗೆ ವಾಯ್ಸ್ ಮೆಸೇಜು ಕಳಿಸುತ್ತಾ ಕೂರಬೇಕು. ಬೋರ್ಡುಗಳು ಬಹಳಷ್ಟು ಮಲಯಾಳದಲ್ಲೇ ಇರುತ್ತವೆ. "ವೀಡ್ ವಾಡಗಯ್ಕ್" ಅಂದರೆ ಮನೆ ಬಾಡಿಗೆಗೆ ಅಂತ. ಲಿಪಿ ಓದಲು ಬಾರದಿದ್ದರೆ ಕೆಳಗಿನ ಫೋನ್ ನಂಬರ್ ಸಾಕಲ್ವಾ.

ನನಗೆ ಈಗಿನ ಮನೆ ತೋರಿಸಿದ್ದು ಬ್ರೋಕರ್ ಅಲ್ಲ, ಕ್ಷೌರದ ಅಂಗಡಿಯ ಅಣ್ಣ. ಬ್ರೋಕರ್ ಮೊದಲ ಸಲ ನನ್ನ ಹತ್ತಿರ ಒಂದು ತಿಂಗಳ ಬಾಡಿಗೆ ತೆಗೆದುಕೊಂಡಿದ್ದ, ಅಣ್ಣ ತೆಗೆದುಕೊಂಡದ್ದು ಕ್ಷೌರದ ದುಡ್ಡು ಮಾತ್ರ. ಒಂದು ಏರಿಯಾ ಇಷ್ಟವಾದರೆ ಅಲ್ಲೇ ಚಹಾ ಕುಡಿಯಿರಿ, ಅಲ್ಲೇ ತಲೆಕೂದಲು ತೆಗೆಸಿ, ಅಲ್ಲೇ ತರಕಾರಿ ತೆಗೆದುಕೊಳ್ಳಿ. ನಾಲ್ಕನೇ ದಿನ ಯಾರಾದರೊಬ್ಬರು "ಒಂದು ಮನೆ ಉಂಟು, ನೋಡ್ತೀರಾ?" ಅನ್ನುತ್ತಾರೆ. ನೀವು ಯಾವ ಜಾತಿ, ಮೀನು ತಿನ್ನುತ್ತೀರಾ, ಮದುವೆ ಆಗಿದೆಯಾ ಅಂತ ಸುತ್ತು ಬಳಸಿ ಕೇಳುವವರು ಎಲ್ಲ ಕಡೆ ಇರುವ ಹಾಗೆ ಇಲ್ಲಿಯೂ ಇದ್ದಾರೆ. ಸುಮ್ನೆ ವಾದ ಮಾಡಿ ಪ್ರಯೋಜನ ಇಲ್ಲ, ಮುಂದಿನ ಮನೆ ನೋಡಿ.

ಮನೆಯೊಳಗೆ ಹೋದರೆ ಮೊದಲು ಪಡುಬದಿಯ ಗೋಡೆ ನೋಡಿ, ಮಳೆ ಹೊಡೆಯುವುದು ಆ ಕಡೆಯಿಂದ. ಮೇಲೆ ತಾರಸಿಗೆ ಕಂದು ಬಳೆಯ ಹಾಗೆ ಕಲೆ ಇದ್ದರೆ ಎಷ್ಟು ಬಣ್ಣ ಬಳಿದರೂ ಜುಲೈಗೆ ಸೋರುತ್ತದೆ. ತಾರಸಿಯ ಮೇಲೆ ಶೀಟು ಹಾಕಿಸಿದ್ದರೆ ಆ ಮನೆಗೆ ಎರಡು ಅಂಕ ಜಾಸ್ತಿ ಕೊಡಿ, ಸೋರುವುದಿಲ್ಲ, ಮೂರು ತಿಂಗಳು ಬಟ್ಟೆ ಒಣಗಿಸಲು ಜಾಗವೂ ಆಯಿತು. ಸಣ್ಣ ಮಕ್ಕಳಿರುವ ಮನೆಯವರಿಗೆ ಇದರ ಬೆಲೆ ಗೊತ್ತು.

ಕರೆಂಟಿನ ವಿಷಯದಲ್ಲಿ ನಾನು ಎರಡನೇ ಮನೆಯಲ್ಲಿ ಸರಿಯಾಗಿ ಪೆಟ್ಟು ತಿಂದೆ. ಮೇಲೆ ನಾವು, ಕೆಳಗೆ ಇನ್ನೊಂದು ಸಂಸಾರ, ಮೀಟರು ಒಂದೇ. ಬಿಲ್ಲು ಅರ್ಧ ಅರ್ಧ ಅಂದಾಗ ಸರಿ ಅಂದಿದ್ದೆ. ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ಎರಡು ತಿಂಗಳಿಗೆ 500 ಯೂನಿಟ್ ಒಳಗಿದ್ದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ ದರ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 500 ದಾಟಿತೋ, ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ದುಬಾರಿ ದರ. ಎರಡು ಸಂಸಾರ ತಲಾ 300 ಸುಟ್ಟರೆ ಬೇರೆ ಬೇರೆ ಮೀಟರಿನಲ್ಲಿ ಇಬ್ಬರೂ ಬಚಾವ್, ಒಂದೇ ಮೀಟರಿನಲ್ಲಿ 600 ಆಗಿ ಇಬ್ಬರೂ ಮುಳುಗಿದಂತೆ. ಬೇರೆ ಮೀಟರು ಇಲ್ಲದ ಮನೆಗೆ ಬಾಡಿಗೆ ಕಡಿಮೆ ಯಾಕೆ ಅಂತ ಆಮೇಲೆ ಗೊತ್ತಾಯಿತು.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಮಲಯಾಳದಲ್ಲಿ ಬರೆದು ಕೊಟ್ಟರೆ ಓದಿಸಿಕೊಂಡೇ ಸೈನ್ ಹಾಕಿ. ನೀರಿನ ಪಂಪು ಕೆಟ್ಟರೆ ಯಾರ ಖರ್ಚು ಅಂತ ಅದರಲ್ಲಿ ಒಂದು ಸಾಲು ಸೇರಿಸಿ. ಗ್ಯಾಸ್ ಕನೆಕ್ಷನ್ ಬದಲಾಯಿಸಲು ಆ ಕಾಗದ ಬೇಕಾಗುತ್ತದೆ. ಕರ್ನಾಟಕದ ನಂಬರಿನ ಗಾಡಿ ತಂದಿದ್ದರೆ, ಕಾನೂನಿನ ಪ್ರಕಾರ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಡುವುದಾದರೆ ಹೊಸ ನಂಬರ್ ಮಾಡಿಸಬೇಕು, ಕೇರಳದ ಟ್ಯಾಕ್ಸೂ ಕಟ್ಟಬೇಕು. ಕಾರು ಇರುವವರು ಈ ಖರ್ಚನ್ನೂ ಮೊದಲ ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗಿನ ಮನೆ ನೋಡಲು ಹೋದದ್ದು ಮೇ ತಿಂಗಳ ಎರಡನೇ ವಾರ, ಬಿಸಿಲು ನೆತ್ತಿಗೆ ಬರುವ ಹೊತ್ತು. ಯಜಮಾನರು ಅಡುಗೆಮನೆಯ ಹೊಸ ಟೈಲ್ಸ್ ತೋರಿಸಲು ಬಾಗಿಲು ತೆಗೆದು ಕಾಯುತ್ತಿದ್ದರು. ನಾನು ಹಿತ್ತಿಲಿನಲ್ಲಿ ಬಾವಿಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿದ್ದೆ. ಕೆಳಗೆ ಮುರಕಲ್ಲಿನ ಸಂದಿನಿಂದ ಸಣ್ಣ ಒಸರು ಬೀಳುತ್ತಿತ್ತು, ಶಬ್ದ ಕೇಳುತ್ತಿತ್ತು. ಒಂದು ಕೊಡಪಾನ ಸೇದಿ ಬೊಗಸೆಯಲ್ಲಿ ಕುಡಿದೆ. "ಮನೆ ಒಳಗೆ ನೋಡುವುದಿಲ್ವಾ?" ಅಂತ ಅವರು ಒಳಗಿನಿಂದ ಕರೆದರು. ಬಾಡಿಗೆ ಎಷ್ಟು ಅಂತ ನಾನು ಬಾವಿಕಟ್ಟೆಯಿಂದಲೇ ಕೇಳಿದೆ.